ಎಡೆದೊರೆನಾಡಿನ ಕಿರುಜೀವಿಗಳೂ ಕ್ಯಾಮರಾದ ಕಣ್ಣೂ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಚಾಚಿಕೊಂಡಿರುವ, ಪ್ರಾಚೀನರು ಎಡೆದೊರೆನಾಡೆಂದು ಕರೆದ ಭೂಭಾಗಕ್ಕಾಗಿ ಅರಸರು ತಲೆಮಾರುಗಳ ಕಾಲ ಕಾದಾಡಿದುದನ್ನೂ, 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ವಶಪಡಿಸಿಕೊಂಡುದನ್ನೂ ಶಾಲೆಯ ಪಠ್ಯದಲ್ಲಿ ಓದಿದವನು, ಇಂದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಾಯಚೂರಿನಿಂದ ಪಡುವಲಿಗೆ ಹೊರಟು ಕಲ್ಮಲದ ಕೂಡುರಸ್ತೆಯಲ್ಲಿ ಬಸ್ಸಿನಿಂದ ಇಳಿದನಾದರೆ, ಇಂತಹ ನೆಲಕ್ಕಾಗಿ ಅಷ್ಟೊಂದು ನೆತ್ತರು ಹರಿಯಿತೇ ಎಂದು ವಿಸ್ಮಯಪಡುವುದು ಸಹಜ. ನಾಲ್ವತ್ತು ಡಿಗ್ರಿಯನ್ನು ಮೀರಿದ ಬಿಸಿಲು, ಬಿರುಕುಬಿಟ್ಟ ಎರೆಹೊಲ, ಅಲ್ಲಲ್ಲಿ ಹೆಬ್ಬಂಡೆಗಳನ್ನು ಹೊತ್ತುನಿಂತ ಬೋಳು ಗುಡ್ಡ, ಜಾಲಿ, ಕಾರೆ, ಎಕ್ಕೆ, ತಂಗಡಿ: ಕಣ್ಣಿಗೆ ಬೀಳುವುದು ಇಷ್ಟೇ. ಇಲ್ಲಿಂದ ಒಂದು ದಾರಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುತ್ತದೆ. ಇನ್ನೊಂದು, ಕಲ್ಮಲದ ಹೆಸರನ್ನೇ ಹೊತ್ತ ರಾಜ್ಯ ಹೆದ್ದಾರಿ, ಮಾನ್ವಿಯನ್ನು ಹಾಯ್ದು ದೂರದ ಶಿಗ್ಗಾಂವಿಯವರೆಗೆ ಸಾಗುತ್ತದೆ. ಈ ಎರಡು ದಾರಿಗಳ ಇಕ್ಕೆಲದ ಒಣನೆಲದಲ್ಲಿ, ಕ್ಯಾಮರಾ ಹಿಡಿದು ತಾಳ್ಮೆಯಿಂದ ಮಂಡಿಯೂರಿದವನಿಗೆ ಏನು ಕಂಡೀತೆಂಬುದೇ ಈ ಲೇಖನದ ವಿಷಯ.

ಸರಕಾರದ ಲೆಕ್ಕದಲ್ಲಿ ಇಂತಹ ನೆಲಕ್ಕೆ ಸಿಕ್ಕಿರುವ ಸ್ಥಾನವನ್ನು ಮೊದಲು ಹೇಳಬೇಕು. ಕೇಂದ್ರದ ಭೂಸಂಪನ್ಮೂಲ ಇಲಾಖೆಯು ಹೈದರಾಬಾದಿನ ದೂರಸಂವೇದಿ ಕೇಂದ್ರದ ನೆರವಿನಿಂದ 2000ದಿಂದೀಚೆಗೆ ಪ್ರಕಟಿಸುತ್ತ ಬಂದಿರುವ ಭೂಪಟಗಳಲ್ಲಿ ಕುರುಚಲು ಬೆಳೆದ ಬಯಲೂ ಬಂಡೆಗಲ್ಲಿನ ಗುಡ್ಡವೂ ಪಾಳುಭೂಮಿಯ ವರ್ಗಕ್ಕೆ ಸೇರಿವೆ. ಪಾಳೆಂದು ಒಮ್ಮೆ ಬರೆದಾದ ಮೇಲೆ ಅಲ್ಲಿ ಕಲ್ಲುಗಣಿಯನ್ನು ತೆರೆಯುವುದಕ್ಕಾಗಲಿ, ಸೌರಫಲಕಗಳನ್ನು ಹಾಸುವುದಕ್ಕಾಗಲಿ, ಹೊರನಾಡಿನ ಗಿಡಗಳನ್ನು ನೆಟ್ಟು ಹಸುರೀಕರಣವೆಂದು ಕರೆಯುವುದಕ್ಕಾಗಲಿ ಯಾರ ಮನಸ್ಸೂ ಹಿಂಜರಿಯುವುದಿಲ್ಲ. ದಟ್ಟಡವಿಯಲ್ಲಿ ಹುಲಿಯ ಚಿತ್ರವನ್ನು ತೆಗೆಯುವವನು ಲೋಕವು ಈಗಾಗಲೇ ಬೆಲೆಯುಳ್ಳದ್ದೆಂದು ಒಪ್ಪಿಕೊಂಡಿರುವುದನ್ನೇ ಮತ್ತೊಮ್ಮೆ ತೋರಿಸುತ್ತಾನೆ. ಒಣನೆಲದ ಛಾಯಾಗ್ರಾಹಕನಾದರೋ ಇಲ್ಲಿ ಏನೂ ಇಲ್ಲವೆಂಬ ದಾಖಲೆಯನ್ನು ತಿದ್ದುವ ಕೆಲಸಕ್ಕೆ ಕೈಹಾಕಿದ್ದಾನೆ. ಈ ಕಾರಣದಿಂದ ಅವನ ಚಿತ್ರದಲ್ಲಿ ಜೀವಿಯು ಮಾತ್ರವಲ್ಲ, ಅದು ನಿಂತ ನೆಲವೂ ಕಾಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಿನ್ನೆಲೆಯನ್ನು ಸಂಪೂರ್ಣ ಮಸುಕುಗೊಳಿಸಿ, ಹಸುರು ರೇಷ್ಮೆಯ ಪರದೆಯ ಮುಂದೆ ಹುಳುವೊಂದನ್ನು ಕೂರಿಸಿದಂತೆ ತೋರುವ ಚಿತ್ರಗಳು ಈಗ ಬಹುಮಾನಗಳನ್ನು ಗಳಿಸುತ್ತಿರುವುದು ನಿಜ. ಆದರೆ ಎರೆಮಣ್ಣಿನ ಮೇಲಿನ ಕಪ್ಪು ಮಿಡತೆಯಿಂದ ಎರೆಮಣ್ಣನ್ನೂ, ಮಸಾರಿಯ ಕೆಂಪು ಮಿಡತೆಯಿಂದ ಮಸಾರಿಯನ್ನೂ ಅಳಿಸಿದರೆ ಅವು ಆ ಬಣ್ಣವನ್ನು ಏಕೆ ತಳೆದುವೆಂಬ ಪ್ರಶ್ನೆಯೇ ನೋಡುವವನಲ್ಲಿ ಹುಟ್ಟುವುದಿಲ್ಲ.

ಈ ನಾಡಿನಲ್ಲಿ ಪ್ರಾಣಿಗಳ ಚಿತ್ರ ಬರೆಯುವ ಹವ್ಯಾಸವು ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಅಲ್ಲಿಯ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದುದು ಮಾತ್ರವಲ್ಲದೆ, ಸುತ್ತಣ ಬಂಡೆಗಳ ಮೇಲಿನ ವರ್ಣಚಿತ್ರಗಳನ್ನೂ ಕುಟ್ಟುಚಿತ್ರಗಳನ್ನೂ ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅವುಗಳಲ್ಲಿ ಗೋವುಗಳದೇ ಮೇಲುಗೈ. ದನಗಾಹಿಯಾಗಿ ಬದುಕಿದ ಆ ಮನುಷ್ಯನು ತಾನು ಪ್ರೀತಿಸಿದುದನ್ನೇ ಬರೆದನು. ಅದೇ ಜಾತಿಯ ಬಂಡೆಗಳ ಮೇಲೆ ಇಂದಿಗೂ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿರುವ ಓತಿಕ್ಯಾತವು ಯಾವ ಚಿತ್ರಕಾರನಿಗೂ ಕಾದಿರಲಿಲ್ಲವಾದರೂ, ಅದರಷ್ಟು ಒಳ್ಳೆಯ ವಸ್ತು ಈ ಸೀಮೆಯಲ್ಲಿ ಮತ್ತೊಂದಿಲ್ಲ.

ದಕ್ಷಿಣ ಭಾರತದ ಬಂಡೆಗಲ್ಲಿನ ಓತಿ, ಶಾಸ್ತ್ರಜ್ಞರ ಭಾಷೆಯಲ್ಲಿ ಸ್ಯಾಮೊಫೈಲಸ್ ಡಾರ್ಸಾಲಿಸ್, ವರ್ಷದ ಬಹುಭಾಗ ಕಲ್ಲಿನ ಬಣ್ಣದಲ್ಲಿಯೇ ಅಡಗಿರುತ್ತದೆ. ಸಂತಾನಕಾಲ ಬಂದಿತೆಂದರೆ ಗಂಡು ತನ್ನ ಬಂಡೆಯ ನೆತ್ತಿಯನ್ನೇರಿ, ಬೆನ್ನಮೇಲೆ ಕೆಂಪು, ಪಕ್ಕೆಗಳಲ್ಲಿ ಕಪ್ಪು ತಳೆದು, ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಒಡೆತನವನ್ನು ಸಾರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇವುಗಳನ್ನು ಅಭ್ಯಾಸಮಾಡಿ, ಹೆಣ್ಣಿನೆದುರು ಗಂಡು ತೋರುವ ವರ್ಣವಿನ್ಯಾಸವೇ ಬೇರೆ, ಎದುರಾಳಿಯ ಮುಂದೆ ತೋರುವುದೇ ಬೇರೆಯೆಂದೂ, ಮೊದಲನೆಯದರಲ್ಲಿ ವರ್ಣವೈದೃಶ್ಯವೂ ಎರಡನೆಯದರಲ್ಲಿ ಬದಲಾವಣೆಯ ವೇಗವೂ ಮುಖ್ಯವೆಂದೂ ತೋರಿಸಿದ್ದಾರೆ. ಛಾಯಾಗ್ರಾಹಕನು ಇದರಿಂದ ತಿಳಿಯಬೇಕಾದದ್ದೇನೆಂದರೆ, ಓತಿಯ ಬಣ್ಣವು ಅದರ ದೇಹಕ್ಕೆ ಹಚ್ಚಿದ ಬಣ್ಣವಲ್ಲ; ಆ ಗಳಿಗೆಯಲ್ಲಿ ಅದು ಯಾರ ಮುಂದೆ ಯಾವ ಸ್ಥಿತಿಯಲ್ಲಿ ನಿಂತಿದೆಯೆಂಬುದರ ಪ್ರಕಟಣೆ. ಹಿಡಿದು ತಂದು ಒಳ್ಳೆಯ ಬೆಳಕಿನಲ್ಲಿ ಕೂರಿಸಿದ ಓತಿಯು ತೋರುವುದು ಭಯದ ಬಣ್ಣವನ್ನು. ಅಂತಹ ಚಿತ್ರದ ಕೆಳಗೆ ಜೀವಿಯ ಹೆಸರನ್ನು ಬರೆಯಬಹುದೇ ಹೊರತು, ಅದರ ಬಾಳಿನ ಬಗೆಗೆ ಏನನ್ನೂ ಹೇಳಲಾಗದು.

ಬಂಡೆಯ ಬಳಿ ಹೋಗುವುದಕ್ಕೂ ಒಂದು ವೇಳೆಯುಂಟು. ಸರೀಸೃಪಗಳು ತಮ್ಮ ಮೈಯ ಶಾಖಕ್ಕೆ ಸೂರ್ಯನನ್ನೇ ನಂಬಿದ ಜೀವಿಗಳಾದುದರಿಂದ, ಬೆಳಗಿನ ಎಳೆಬಿಸಿಲಿನಲ್ಲಿ ಅವು ಮೈಯನ್ನು ಚಪ್ಪಟೆಯಾಗಿ ಹರಡಿಕೊಂಡು ಮಂದವಾಗಿರುತ್ತವೆ. ಕಲ್ಲು ಕಾದಂತೆ ಚುರುಕಾಗುತ್ತವೆ. ನಡುಹಗಲಿನ ಹೊತ್ತಿಗೆ ಸಂದುಗಳಲ್ಲಿ ಮರೆಯಾಗುತ್ತವೆ. ನಡುಹಗಲಿನಲ್ಲಿ ದೂರದ ವಸ್ತುವನ್ನು ದೊಡ್ಡ ಲೆನ್ಸಿನಿಂದ ತೆಗೆಯಹೊರಟವನಿಗೆ ಇನ್ನೊಂದು ವಿಘ್ನವೂ ಎದುರಾಗುತ್ತದೆ: ಕಾದ ನೆಲದಿಂದೇಳುವ ಗಾಳಿಯು ಬೆಳಕನ್ನು ನಾನಾ ಬಗೆಯಲ್ಲಿ ಬಾಗಿಸುವುದರಿಂದ, ಬಿಸಿಲುಗುದುರೆಯನ್ನು ತೋರುವ ಅದೇ ಕಾರಣವು ಚಿತ್ರದ ಅಂಚುಗಳನ್ನೆಲ್ಲ ಕಲಕಿಬಿಡುತ್ತದೆ. ಎಷ್ಟು ಬೆಲೆಯ ಲೆನ್ಸಾದರೂ ಇದಕ್ಕೆ ಪರಿಹಾರವಲ್ಲ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಅನಂತರ, ನೆಲಕ್ಕೆ ಎದೆಯೊತ್ತಿ, ನಿಧಾನವಾಗಿ ಸಮೀಪಿಸುವುದೇ ಪರಿಹಾರ.

ಬಂಡೆಯನ್ನು ಬಿಟ್ಟು ಎರೆಯ ಬಯಲಿಗೆ ಬಂದರೆ ಓತಿಯ ಕುಲದಲ್ಲಿಯೇ ಬೇರೊಂದು ಶಾಖೆ ಎದುರಾಗುತ್ತದೆ. ಗಂಟಲಿನ ಕೆಳಗೆ ಬೀಸಣಿಗೆಯಂತಹ ಚರ್ಮದ ಮಡಿಕೆಯುಳ್ಳ, ಗೇಣುದ್ದಕ್ಕಿಂತ ಹೆಚ್ಚು ಬೆಳೆಯದ ಈ ಪ್ರಾಣಿಗಳು ಬೇಸಗೆಯ ತುದಿಯಲ್ಲಿ, ಮುಂಗಾರಿಗೆ ಮುನ್ನ, ಚಿಕ್ಕ ಹೆಂಟೆಯನ್ನೋ ಕಲ್ಲನ್ನೋ ಏರಿ ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ಆ ಬೀಸಣಿಗೆಯನ್ನು ಬಿಚ್ಚುತ್ತವೆ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದು ಪ್ರಾಣಿಶಾಸ್ತ್ರಕ್ಕೆ ಬಾಳನ್ನು ಮುಡಿಪಿಟ್ಟ ಟಿ. ಸಿ. ಜೆರ್ಡನ್ 1870ರಲ್ಲಿ ದಖ್ಖನಿನ ಹೆಸರನ್ನೇ ಇಟ್ಟು ಇವುಗಳಲ್ಲಿ ಒಂದನ್ನು ವರ್ಣಿಸಿದನು. ಆಮೇಲಿನ ವಿದ್ವಾಂಸರು ಅದನ್ನು ಬೇರೆ ಪ್ರಭೇದವೆಂದು ಒಪ್ಪದೆ, ಇಂಡಿಯಾದ ಬೀಸಣಿಗೆಗಂಟಲಿನ ಓತಿಗಳನ್ನೆಲ್ಲ ಬಹುಮಟ್ಟಿಗೆ ಒಂದೇ ಹೆಸರಿನಡಿಯಲ್ಲಿ ಸೇರಿಸಿದ್ದುಂಟು. 2016ರಲ್ಲಿ ವಿ. ದೀಪಕ್, ಪ್ರವೀಣ್ ಕಾರಂತ ಮೊದಲಾದವರು ದೇಹರಚನೆಯನ್ನೂ ವಂಶವಾಹಿಗಳನ್ನೂ ಹೋಲಿಸಿ, ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಒಣಬಯಲುಗಳಲ್ಲಿ ನೀಲಿ, ಕಪ್ಪು, ಕಿತ್ತಳೆಗೆಂಪುಗಳ ದೊಡ್ಡ ಬೀಸಣಿಗೆಯುಳ್ಳವುಗಳನ್ನು ಸರಡಾ ಎಂಬ ಹೊಸ ಕುಲವಾಗಿ ಪ್ರತ್ಯೇಕಿಸಿದರು. ಜೆರ್ಡನ್ನನ ದಖ್ಖನಿನ ಓತಿಗೆ ಒಂದೂವರೆ ಶತಮಾನದ ತರುವಾಯ ಹೀಗೆ ಸ್ವಂತ ಸ್ಥಾನ ಮರಳಿ ಬಂದಿತು.

ಛಾಯಾಚಿತ್ರದ ಉಪಯೋಗವು ಇಲ್ಲಿ ಎಷ್ಟು ದೊಡ್ಡದೆಂಬುದನ್ನು ಓದುಗರು ಗಮನಿಸಬೇಕು. ವಸ್ತುಸಂಗ್ರಹಾಲಯದ ಸೀಸೆಯಲ್ಲಿ, ಮದ್ಯಸಾರದಲ್ಲಿ ಮುಳುಗಿಸಿಟ್ಟ ಓತಿಯ ಗಂಟಲಿನ ಬಣ್ಣವು ಬೇಗನೆ ಮಾಸಿಹೋಗುತ್ತದೆ; ಮೂಳೆ, ಪೊರೆ, ಅಳತೆಗಳು ಉಳಿದರೂ ಆ ಜೀವಿಯು ತನ್ನವರೊಡನೆ ಮಾತಾಡುತ್ತಿದ್ದ ಭಾಷೆಯೇ ಅಳಿದುಹೋಗುತ್ತದೆ. ಬದುಕಿರುವ ಗಂಡು, ತನ್ನದೇ ಹೆಂಟೆಯ ಮೇಲೆ, ಬೀಸಣಿಗೆಯನ್ನು ಪೂರ್ತಿಯಾಗಿ ಬಿಚ್ಚಿದ ಕ್ಷಣದ ಚಿತ್ರಕ್ಕೆ, ಊರಿನ ಹೆಸರೂ ತಿಂಗಳೂ ಜತೆಗೂಡಿದರೆ, ಅದು ವಿದ್ವಾಂಸನ ಕೈಗೆ ಒದಗಿದ ಸಾಕ್ಷ್ಯವಾಗುತ್ತದೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ಎರೆಬಯಲುಗಳಲ್ಲಿ ಇಂತಹ ಕೆಲಸಕ್ಕೆ ಅವಕಾಶ ಧಾರಾಳವಾಗಿದೆ.

ಇನ್ನು ಕೀಟಗಳ ಮಾತು. ಒಬ್ಬ ಕುರಿಗಾಹಿ ಮುದುಕರು, ನಾನು ಎಕ್ಕೆಯ ಗಿಡದ ಬುಡದಲ್ಲಿ ಕುಳಿತಿದ್ದುದನ್ನು ಬಹಳ ಹೊತ್ತು ನೋಡಿ, “ಹುಳದ ಫೋಟೋ ತಗೊಂಡು ಏನ್ ಮಾಡ್ತೀರಿ ಸರ?” ಎಂದು ಕೇಳಿದರು. “ಎಕ್ಕಿ ಗಿಡದಾಗ ಏನೇನ್ ಅದಾವ ಅಂತ ಮಂದಿಗೆ ತೋರಸ್ತೀನಿ ಯಜ್ಜ” ಎಂದೆ. “ಕುರಿ ಮುಟ್ಟಂಗಿಲ್ಲ ಅದನ್ನ, ಅದ್ರಾಗಿನ ಹುಳಾನೂ ಹಕ್ಕಿ ಮುಟ್ಟಂಗಿಲ್ಲ” ಎಂದರು ಅವರು. ಸಸ್ಯಶಾಸ್ತ್ರ ಮತ್ತು ಕೀಟಶಾಸ್ತ್ರಗಳ ಒಂದು ಇಡೀ ಅಧ್ಯಾಯವು ಆ ಮಾತಿನಲ್ಲಿತ್ತು. ಎಕ್ಕೆಯ ಹಾಲು ವಿಷಯುಕ್ತ. ಹೃದಯದ ಮೇಲೆ ಪರಿಣಾಮ ಮಾಡುವ ಅದರ ರಸವನ್ನು ಜೀರ್ಣಿಸಿಕೊಂಡು, ಮೈಯಲ್ಲಿಯೇ ಕೂಡಿಟ್ಟುಕೊಳ್ಳುವ ಶಕ್ತಿ ಹಳದಿ-ನೀಲಿ ಪಟ್ಟೆಗಳ ದೊಡ್ಡ ಮಿಡತೆಯೊಂದಕ್ಕೆ ಉಂಟು. ಕೆಣಕಿದರೆ ಅದು ಕಹಿಯಾದ ದ್ರವವನ್ನು ಚಿಮ್ಮಿಸುವುದೂ ಉಂಟು. ಅದೇ ಗಿಡದ ಎಲೆಯನ್ನು ಮೇಯುವ ಕಂಬಳಿಹುಳುವು ಬೆಳೆದು, ಕಿತ್ತಳೆ ಬಣ್ಣದ, ಅಂಚಿನಲ್ಲಿ ಕಪ್ಪೂ ಬಿಳಿಯೂ ಇರುವ ಚಿಟ್ಟೆಯಾಗಿ, ಅವಸರವಿಲ್ಲದೆ ಹಾರಾಡುತ್ತದೆ. ಬಹುಪಾಲು ಜೀವಿಗಳು ಮಣ್ಣಿನ ಬಣ್ಣದಲ್ಲಿ ಅಡಗಿಕೊಳ್ಳುವ ಈ ಬಯಲಿನಲ್ಲಿ ಇವೆರಡು ಎದ್ದುಕಾಣುವ ಬಣ್ಣವನ್ನು ಧರಿಸಿರುವುದು ತಮ್ಮ ವಿಷವನ್ನು ದೂರದಿಂದಲೇ ಸಾರುವುದಕ್ಕಾಗಿ. ಹೊಸಬನು ಕ್ಯಾಮರಾ ಹಿಡಿಯುವುದನ್ನು ಇಲ್ಲಿಂದಲೇ ಆರಂಭಿಸುವುದು ಮೇಲು. ಏತಕ್ಕೆಂದರೆ ಎಕ್ಕೆಯು ಎಲ್ಲ ರಸ್ತೆಗಳ ಬದಿಯಲ್ಲಿಯೂ ಇದೆ, ಅದರ ನಿವಾಸಿಗಳು ಓಡುವ ಆತುರವುಳ್ಳವಲ್ಲ, ಮತ್ತು ಗಿಡ, ಹುಳು, ಬಣ್ಣ ಈ ಮೂರರ ಸಂಬಂಧವು ಒಂದೇ ಚಿತ್ರದಲ್ಲಿ ಅಡಕವಾಗುತ್ತದೆ.

ಕೀಟವನ್ನು ಅದರ ನಿಜಗಾತ್ರದಲ್ಲಿ ಕ್ಯಾಮರಾದ ಫಲಕದ ಮೇಲೆ ಮೂಡಿಸುವುದಕ್ಕೆ ಮ್ಯಾಕ್ರೊ ಲೆನ್ಸ್ ಬೇಕು. ಅದರ ದೊಡ್ಡ ತೊಡಕೆಂದರೆ ಸ್ಪಷ್ಟತೆಯ ಆಳವು ಅತ್ಯಲ್ಪವಾಗಿರುವುದು. ನಿಜಗಾತ್ರದ ಚಿತ್ರದಲ್ಲಿ, ರಂಧ್ರವನ್ನು ಎಫ್ 11ಕ್ಕೆ ಕಿರಿದುಗೊಳಿಸಿದರೂ, ಒಂದೂವರೆ ಮಿಲಿಮೀಟರಿಗಿಂತ ಕಡಮೆ ಆಳವಷ್ಟೇ ಸ್ಫುಟವಾಗಿ ಬರುತ್ತದೆ. ಮಿಡತೆಯ ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು. ಇನ್ನೂ ಕಿರಿದುಗೊಳಿಸಹೋದರೆ ಬೆಳಕು ರಂಧ್ರದ ಅಂಚಿನಲ್ಲಿ ಚದುರಿ ಇಡೀ ಚಿತ್ರವೇ ಮಂಕಾಗುತ್ತದೆ. ಆದುದರಿಂದ ಕೀಟದ ಪಕ್ಕೆಗೆ ಸಮಾನಾಂತರವಾಗಿ ಕ್ಯಾಮರಾವನ್ನು ಹಿಡಿಯುವುದನ್ನೂ, ಫ್ಲ್ಯಾಷಿನ ಕಠಿಣ ಬೆಳಕನ್ನು ಬಿಳಿಯ ಬಟ್ಟೆಯಿಂದಲೋ ತೆಳುಹಾಳೆಯಿಂದಲೋ ಮೃದುಗೊಳಿಸುವುದನ್ನೂ ಕಲಿಯಬೇಕು. ಇಷ್ಟು ಸಲಕರಣೆ ಇಲ್ಲದವನು ನಿರಾಶನಾಗಬೇಕಾದುದಿಲ್ಲ. ಕೈಯಲ್ಲಿರುವ ಮೊಬೈಲಿನ ಸಣ್ಣ ಲೆನ್ಸು ಹುಳುವನ್ನು ಅದರ ಹೊಲ, ಗುಡ್ಡ, ಆಕಾಶಗಳ ಸಮೇತವಾಗಿ ತೋರಿಸಬಲ್ಲದು. ನಾನು ಮೇಲೆ ಹೇಳಿದ ಉದ್ದೇಶಕ್ಕೆ ಅದು ಕೆಲವೊಮ್ಮೆ ಮ್ಯಾಕ್ರೊ ಲೆನ್ಸಿಗಿಂತಲೂ ಉತ್ತಮ. ವಾಸ್ತವವಾಗಿ ಈ ಜಿಲ್ಲೆಯ ಹತ್ತಿ ಬೆಳೆಗಾರರು ಕಾಯಿಕೊರಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕೃಷಿತಜ್ಞರಿಗೆ ಕಳುಹಿಸುವುದು ಈಗ ನಿತ್ಯದ ಸಂಗತಿ. ಶತ್ರುವೆಂದು ಕೀಟದ ಚಿತ್ರ ತೆಗೆಯಲು ಬಲ್ಲ ಆ ಕೈಗಳು ಬದುವಿನ ಮೇಲಿನ ಉಳಿದ ಕೀಟಗಳತ್ತಲೂ ತಿರುಗಿದರೆ, ಯಾವ ಸಂಶೋಧಕನೂ ಒಬ್ಬನೇ ಕೂಡಿಸಲಾರದಷ್ಟು ವಿವರಗಳು ಕೂಡಿಬಂದಾವು.

ಮಿರಗದ ಮಳೆ ಬಿದ್ದ ಮಾರನೆಯ ಬೆಳಗ್ಗೆ ಮಸಾರಿ ನೆಲದಲ್ಲಿ ಕಾಣುವ ಕಡುಗೆಂಪಿನ ಮಖಮಲ್ಲಿನ ಹುಳು ಎಲ್ಲ ಮಕ್ಕಳಿಗೂ ಗೊತ್ತು. ಗಡಿಯಾಚೆಯ ತೆಲುಗಿನವರು ಅದನ್ನು ಆರಿದ್ರಾ ಮಳೆಯ ಹೆಸರಿನಿಂದ ಕರೆಯುತ್ತಾರೆ. ಎಂಟು ಕಾಲಿನ ಈ ಜೀವಿ ಕೀಟವೇ ಅಲ್ಲ, ಜೇಡನ ಬಳಗದ್ದು. ವರ್ಷದ ಹೆಚ್ಚಿನ ಭಾಗವನ್ನು ಮಣ್ಣಿನೊಳಗೇ ಕಳೆಯುವ ಅದು ಮೇಲೆ ಬರುವುದು ಕೆಲವೇ ದಿನ. ಎರಡು ಮಳೆ ತಪ್ಪಿಸಿಕೊಂಡ ಛಾಯಾಗ್ರಾಹಕನು ಮುಂದಿನ ವರ್ಷವನ್ನೇ ಕಾಯಬೇಕು.

ರಾತ್ರಿಯ ಒಣನೆಲವು ಬೇರೆಯೇ ಆದ ಪ್ರಪಂಚ. ಚೇಳಿನ ಮೈಕವಚದಲ್ಲಿರುವ ಕೆಲವು ದ್ರವ್ಯಗಳ ಕಾರಣದಿಂದ ಅದು ಅತಿನೇರಳೆ ಕಿರಣದ ಟಾರ್ಚಿನ ಬೆಳಕಿನಲ್ಲಿ ನೀಲಿಬೆರೆತ ಹಸುರಾಗಿ ಹೊಳೆಯುತ್ತದೆ. ಹಗಲಿನಲ್ಲಿ ಹತ್ತು ಕಲ್ಲೆತ್ತಿದರೂ ಕಾಣದವು ಕತ್ತಲೆಯಲ್ಲಿ ದೂರದಿಂದಲೇ ಗೋಚರಿಸುತ್ತವೆ. ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಕಂದಕೂರಿನಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿ, ನಾಗರಪಂಚಮಿಯ ದಿನ ಜನರು ಕೊಂಡಮ್ಮಾಯಿ ಬೆಟ್ಟವನ್ನೇರಿ, ಕಲ್ಲುಗಳನ್ನೆತ್ತಿ, ಚೇಳುಗಳನ್ನು ಅಂಗೈಮೇಲೂ ಮುಖದಮೇಲೂ ಹರಿದಾಡಿಸಿಕೊಳ್ಳುತ್ತಾರೆ. ಅಂದು ಅವು ಕುಟುಕವೆಂಬುದು ಅವರ ಶ್ರದ್ಧೆ. ದೂರದೂರುಗಳಿಂದ ಕ್ಯಾಮರಾಗಳು ಅಲ್ಲಿಗೆ ಬರುತ್ತವೆ. ಜನಜೀವನದ ಚಿತ್ರಗಳಾಗಿ ಅವಕ್ಕೆ ಬೆಲೆಯಿದೆ. ಆದರೆ ಅವುಗಳನ್ನು ವನ್ಯಜೀವಿಯ ಚಿತ್ರಗಳೆಂದು ಕರೆಯಲು ನಾನು ಒಪ್ಪಲಾರೆ, ಮತ್ತು ಎತ್ತಿದ ಕಲ್ಲನ್ನು ಎತ್ತಿದಂತೆಯೇ ಮರಳಿ ಇಡುವ ಅಭ್ಯಾಸವು ಭಕ್ತರಲ್ಲಿಯೂ ಛಾಯಾಗ್ರಾಹಕರಲ್ಲಿಯೂ ಬೆಳೆಯಲೆಂದು ಹಾರೈಸುತ್ತೇನೆ. ಕಲ್ಲಿನ ತಳದ ತೇವ ಮತ್ತು ತಂಪೇ ಆ ಜೀವಿಗಳಿಗೆ ಬೇಸಗೆಯನ್ನು ದಾಟುವ ದಾರಿ. ಕೆಂಪು ಚೇಳಿನ ವಿಷವು ಅಲ್ಪವೆಂದು ಯಾರೂ ಭಾವಿಸಬಾರದು. ಅದು ಹೃದಯವನ್ನೇ ಕೆಡಿಸಬಲ್ಲದು. ಮಹಾರಾಷ್ಟ್ರದ ಮಹಾಡದ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಪ್ರಜೋಸಿನ್ ಎಂಬ ಔಷಧದಿಂದ ಅದರ ಚಿಕಿತ್ಸೆಯನ್ನು ರೂಪಿಸುವ ಮೊದಲು ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಇದರಿಂದ ಅಸುನೀಗುತ್ತಿದ್ದರು.

ಇರುಳಿನಲ್ಲಿ ಇನ್ನೂ ಎಚ್ಚರದಿಂದಿರಬೇಕಾದದ್ದು ಗರಗಸಪೊರೆಯ ಮಂಡಲದ ಹಾವಿನ ವಿಷಯದಲ್ಲಿ. ಮೊಳಕ್ಕಿಂತ ಸ್ವಲ್ಪ ಉದ್ದದ, ಮಣ್ಣಿನ ಬಣ್ಣದ ಈ ಹಾವು ಮೈಯನ್ನು ಸುತ್ತುಸುತ್ತಾಗಿ ಮಡಿಸಿಕೊಂಡು, ಗರಗಸದ ಹಲ್ಲಿನಂತಹ ಪೊರೆಗಳನ್ನು ಒಂದಕ್ಕೊಂದು ಉಜ್ಜಿ ಸರಸರನೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿದವನು ಅಲ್ಲಿಯೇ ನಿಲ್ಲಬೇಕು. ಚಿಕ್ಕ ಲೆನ್ಸಿನಿಂದ ಹತ್ತಿರ ಹೋಗಿ ತೆಗೆದ ವಿಷಸರ್ಪದ ಚಿತ್ರದಲ್ಲಿ ಸಾಹಸವೇ ಹೆಚ್ಚು, ಕುಶಲತೆ ಕಡಮೆ. ಉದ್ದನೆಯ ಲೆನ್ಸು, ಮಂಡಿಯವರೆಗಿನ ಬೂಟು, ಜತೆಗೊಬ್ಬ ಸಂಗಾತಿ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಸಮೀಪದ ಆಸ್ಪತ್ರೆಯ ದಾರಿ, ಇಷ್ಟಾದರೂ ಸಿದ್ಧವಿರಬೇಕು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು ಹನ್ನೆರಡು ಲಕ್ಷವೆಂದು ಅಂದಾಜಾಗಿದೆ. ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಸಂಗತಿಯೆಂದು ಘೋಷಿಸಿದ್ದು ಈ ಕಾರಣದಿಂದಲೇ.

ನದಿಯ ಅಂಚಿನ ಕೆಲಸವು ಬಯಲಿನ ಕೆಲಸಕ್ಕಿಂತ ತೀರ ಭಿನ್ನವಾದುದರಿಂದ ಅದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಭೀಮೆಯು ಬಂದು ಸೇರಿದ ಮೇಲೆ ಕೃಷ್ಣೆಯು ನಾರದಗಡ್ಡೆ, ಕುರುವಾಪುರಗಳಂತಹ ನಡುಗಡ್ಡೆಗಳನ್ನು ಬಳಸಿ ತೆಲಂಗಾಣದ ಸೀಮೆಯತ್ತ ಹರಿಯುತ್ತದೆ. ಈ ಭಾಗದ ಹೊಳೆಯಲ್ಲಿ ಮೊಸಳೆಗಳಿವೆ. ಚಳಿಗಾಲದ ಬೆಳಗಿನಲ್ಲಿ ಅವು ಬಂಡೆಗಳ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗಿರುವಾಗ ಎತ್ತರದ ದಡದಿಂದ, ದೂರದಿಂದ, ಚಿತ್ರ ತೆಗೆಯಬಹುದು. ನೀರಿನ ಅಂಚಿಗೆ ಇಳಿಯತಕ್ಕದ್ದಲ್ಲ. ಮರಳಿನಲ್ಲಿ ಮೊಟ್ಟೆಯಿಡುವ ಬೇಸಗೆಯ ದಿನಗಳಲ್ಲಂತೂ ಆ ಕಡೆಗೆ ಸುಳಿಯಲೇಬಾರದು.

ಫಿಲ್ಮಿನ ಕಾಲದಲ್ಲಿ, ಒಂದು ಸುರುಳಿಗೆ ಮೂವತ್ತಾರೇ ಚಿತ್ರಗಳಿದ್ದಾಗ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಜಗತ್ತಿನ ಮನ್ನಣೆಯನ್ನು ತಂದರು. ಪ್ರತಿಯೊಂದು ಚಿತ್ರಕ್ಕೂ ದುಡ್ಡು ತೆರಬೇಕಾಗಿದ್ದ ಆ ದಿನಗಳಲ್ಲಿ, ಗುಂಡಿ ಒತ್ತುವ ಮೊದಲು ಪ್ರಾಣಿಯ ನಡತೆಯನ್ನು ಬಹುಕಾಲ ನೋಡಿ ಅರಿಯುವುದು ಅನಿವಾರ್ಯವಾಗಿತ್ತು. ಈಗ ಆ ನಿರ್ಬಂಧವಿಲ್ಲ. ಅದರ ಫಲವಾಗಿ ಓತಿಯನ್ನು ಶೀತಪೆಟ್ಟಿಗೆಯಲ್ಲಿಟ್ಟು ಜಡಗೊಳಿಸುವುದು, ಕೀಟವನ್ನು ಅಂಟಿನಿಂದ ರೆಂಬೆಗೆ ಹಚ್ಚುವುದು, ಹಾವಿನ ಹೆಡೆ ಬಿಚ್ಚಿಸಲು ಅದನ್ನು ಕಡ್ಡಿಯಿಂದ ತಿವಿಯುವುದು ಇವೆಲ್ಲ ನಡೆಯುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಸಂರಕ್ಷಿತ ಪ್ರಾಣಿಗಳನ್ನು ಹಿಡಿಯುವುದನ್ನು ನಿಷೇಧಿಸುತ್ತದೆ. ಉಡ ಮತ್ತು ಮೊಸಳೆಗಳು ಅದರ ಮೊದಲನೆಯ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯು ನಾಗರಹಾವನ್ನೂ ಅದೇ ಅನುಸೂಚಿಗೆ ಸೇರಿಸಿದೆ. ಚಿತ್ರಕ್ಕಾಗಿ ಹಿಡಿದೆನೆಂಬುದು ಕಾನೂನಿನ ಮುಂದೆ ಸಮಾಧಾನವಾಗದು.

ತುಂಗಭದ್ರೆಯ ಎಡದಂಡೆಯ ನಾಲೆಯೂ ನಾರಾಯಣಪುರದ ಬಲದಂಡೆಯ ನಾಲೆಯೂ ಬಂದ ಮೇಲೆ ಈ ಸೀಮೆಯ ಎಷ್ಟೋ ಎರೆಹೊಲಗಳು ಗದ್ದೆಗಳಾಗಿವೆ. ಬರದಲ್ಲಿ ಬೆಂದ ಜನಕ್ಕೆ ನೀರು ಬಂದುದು ದೊಡ್ಡ ಭಾಗ್ಯ. ಅದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ನೀರು ಹತ್ತದ ದಿಬ್ಬ, ಗೋಮಾಳ, ಬಂಡೆಸಾಲುಗಳೇ ಒಣನೆಲದ ಜೀವಿಗಳಿಗೆ ಉಳಿದ ಆಸರೆ. ತುಂಗಭದ್ರೆಯಾಚೆಯ ಸಿರುಗುಪ್ಪದ ಎರೆಬಯಲಿನಲ್ಲಿ ಕರ್ನಾಟಕದ ಹೆಬ್ಬಕಗಳಲ್ಲಿ ಕೊನೆಗುಳಿದ ಬೆರಳೆಣಿಕೆಯ ಹಕ್ಕಿಗಳು ಕಾಣಿಸಿಕೊಂಡ ಸುದ್ದಿ ಹಬ್ಬಿದಾಗ, ಅವುಗಳ ನೆಲೆಯನ್ನು ಹುಡುಕಿಕೊಂಡು ಹೋಗುವ ವಾಹನಗಳೇ ಒಂದು ಕಾಟವಾಗುವ ಭಯವುಂಟಾಯಿತು. ಕಿರುಜೀವಿಗಳ ವಿಷಯದಲ್ಲಿಯೂ ಇದೇ ಅಪಾಯವಿದೆ. ಬೆನ್ನಮೇಲೆ ನಕ್ಷತ್ರದ ಗೆರೆಗಳುಳ್ಳ ಆಮೆಯನ್ನು ಸಾಕುಪ್ರಾಣಿಯಾಗಿ ಮಾರಲು ಕಳ್ಳಸಾಗಣೆ ಮಾಡುವವರ ಹಾವಳಿಯಿಂದಾಗಿ, 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ಮೊಬೈಲಿನಲ್ಲಿ ತೆಗೆದ ಚಿತ್ರವು ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಗುಪ್ತವಾಗಿ ಹೊತ್ತಿರುವುದು ಅನೇಕರಿಗೆ ತಿಳಿಯದು. ಎಕ್ಕೆಯ ಮಿಡತೆಯ ಚಿತ್ರಕ್ಕೆ ಕಲ್ಮಲದ ಹೆಸರನ್ನು ಧಾರಾಳವಾಗಿ ಬರೆಯಬಹುದು. ನಕ್ಷತ್ರದ ಆಮೆ ಕಂಡರೆ ಜಿಲ್ಲೆಯ ಹೆಸರೊಂದೇ ಸಾಕು. ನಿಖರವಾದ ಸ್ಥಳವನ್ನು ಅರಣ್ಯ ಇಲಾಖೆಗೂ ಅದನ್ನು ಅಭ್ಯಾಸಮಾಡುವ ವಿದ್ವಾಂಸರಿಗೂ ಮಾತ್ರ ತಿಳಿಸಿ, ಚಿತ್ರದೊಳಗಿನ ಆ ವಿವರವನ್ನು ಅಳಿಸಿದ ಮೇಲೆಯೇ ಅದನ್ನು ಇತರರಿಗೆ ಕಳುಹಿ­ಸತಕ್ಕದ್ದು.